ಐಷಾರಾಮಿ ಸ್ಪೋರ್ಟ್ಸ್ ಎಸ್‌ಯುವಿ ನಮ್ಮ ರಸ್ತೆಗೆ ಬೇಕೇ?

ಪರ

ಬೆಂಗಳೂರಿನಲ್ಲಿ ಉದ್ಯೋಗ, ಮೂಡಿಗೆರೆಯ ಆಚೆ ಕಾಫಿ ತೋಟ. ಹೀಗೆ ಎರಡೂ ಕಡೆ ಬದುಕು ಕಟ್ಟಿಕೊಂಡ ಕುಟುಂಬದ ಕಾರು ಒಂದೇ ದಿನದಲ್ಲಿ ಎಷ್ಟು ಬಗೆಯ ರಸ್ತೆಗಳನ್ನು ದಾಟಬೇಕಾಗುತ್ತದೆ ಎಂಬುದನ್ನು ನೋಡಿದರೆ, ಸ್ಪೋರ್ಟ್ಸ್ ಎಸ್‌ಯುವಿ ಎಂಬ ವಾಹನಕ್ಕೆ ಬೇಡಿಕೆ ಎಲ್ಲಿಂದ ಹುಟ್ಟಿತೆಂಬುದು ತಿಳಿಯುತ್ತದೆ. ನೆಲಮಂಗಲ ಕಳೆದರೆ ಹಾಸನದವರೆಗೆ ನಾಲ್ಕು ಪಥದ ಹೆದ್ದಾರಿ, ಬೇಲೂರಿನ ನಂತರ ಒಂದರ ಹಿಂದೊಂದು ತಿರುವು, ಕೊನೆಯಲ್ಲಿ ಮಳೆಗಾಲದ ಕೆಸರು ತುಂಬಿದ ತೋಟದ ದಾರಿ. ತಗ್ಗಾದ ಸ್ಪೋರ್ಟ್ಸ್ ಕಾರು ಹೆದ್ದಾರಿಯಲ್ಲಿ ಸೊಗಸಾಗಿ ಓಡಿ ಊರೊಳಗಿನ ಮೊದಲ ಉಬ್ಬಿಗೇ ಹೊಟ್ಟೆ ಉಜ್ಜಿಕೊಳ್ಳುತ್ತದೆ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ರಸ್ತೆಯುಬ್ಬು 10 ಸೆಂ.ಮೀ. ಎತ್ತರವಿದ್ದು, 3.7 ಮೀಟರ್ ಅಗಲಕ್ಕೆ ನಿಧಾನವಾಗಿ ಏರಿ ಇಳಿಯಬೇಕು. ಅಪಘಾತವಾದ ಮರುದಿನ ಊರವರೇ ಒತ್ತಾಯಿಸಿ ಹಾಕಿಸುವ ಹಂಪುಗಳಿಗೆ ಆ ಲೆಕ್ಕವಿರುವುದಿಲ್ಲ. ಇನ್ನು ಹಳೆಯ ಜೀಪು ತೋಟದ ದಾರಿಗೆ ಹೇಳಿ ಮಾಡಿಸಿದಂತಿದ್ದರೂ, ಅದರಲ್ಲಿ ವಯಸ್ಸಾದ ತಂದೆತಾಯಿಯನ್ನು ಕೂರಿಸಿಕೊಂಡು 240 ಕಿ.ಮೀ. ಸಾಗುವುದು ಅವರಿಗೆ ಶಿಕ್ಷೆಯಾಗುತ್ತದೆ.

ಈ ಎರಡು ವಾಹನಗಳ ಕೆಲಸವನ್ನು ಒಂದರಿಂದಲೇ ಮಾಡಿಸುವ ಪ್ರಯತ್ನಕ್ಕೆ 2017ರ ಡಿಸೆಂಬರಿನಲ್ಲಿ ಅನಾವರಣಗೊಂಡ ಲ್ಯಾಂಬೊರ್ಗಿನಿ ಉರುಸ್ ಅತ್ಯುತ್ತಮ ನಿದರ್ಶನ. 650 ಅಶ್ವಶಕ್ತಿಯ ಈ ಕಾರು ನಿಂತಲ್ಲಿಂದ 100 ಕಿ.ಮೀ. ವೇಗವನ್ನು 3.6 ಸೆಕೆಂಡುಗಳಲ್ಲಿ ಮುಟ್ಟುತ್ತದೆ. ಇದರ ಏರ್ ಸಸ್ಪೆನ್ಷನ್ ಹೆದ್ದಾರಿಯಲ್ಲಿ ಕಾರಿನ ತಳವನ್ನು ನೆಲದಿಂದ 158 ಮಿ.ಮೀ.ವರೆಗೆ ಇಳಿಸಿ, ಕಲ್ಲುಮಣ್ಣಿನ ದಾರಿಯಲ್ಲಿ 248 ಮಿ.ಮೀ.ವರೆಗೆ ಎತ್ತುತ್ತದೆ. ದ್ವಿಪಥ ರಸ್ತೆಯಲ್ಲಿ ಮರಳಿನ ಲಾರಿಯನ್ನು ಹಿಂದಿಕ್ಕುವಾಗ ಬಲಬದಿಯಲ್ಲಿ ಕಳೆಯುವ ಪ್ರತಿಯೊಂದು ಸೆಕೆಂಡೂ ಅಪಾಯದ ಸೆಕೆಂಡೇ ಆದ್ದರಿಂದ, ಆ ಅವಧಿಯನ್ನು ಅರ್ಧಕ್ಕಿಳಿಸುವ ಎಂಜಿನ್ನನ್ನು ಬರೀ ಶೋಕಿ ಎನ್ನಲಾಗದು.

ದುಬಾರಿ ಕಾರು ಇಲ್ಲದಿದ್ದರೆ ಅಗ್ಗದ ಕಾರು ಇಷ್ಟು ಸುರಕ್ಷಿತವಾಗುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು. ಜಾರುವ ಕಾರನ್ನು ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕ್ ಹಾಕಿ ದಾರಿಗೆ ತರುವ ಇಎಸ್‌ಪಿ ವ್ಯವಸ್ಥೆ 1995ರಲ್ಲಿ ಮೊದಲು ಬಂದದ್ದು ಮರ್ಸಿಡಿಸ್ಸಿನ ದೊಡ್ಡ ಎಸ್-ಕ್ಲಾಸ್ ಸಾಲಿನಲ್ಲಿ. ಎರಡು ವರ್ಷಗಳ ನಂತರ ಅದೇ ಸಂಸ್ಥೆಯ ಪುಟ್ಟ ಎ-ಕ್ಲಾಸ್ ಸ್ವೀಡನ್ನಿನ ಪರೀಕ್ಷೆಯೊಂದರಲ್ಲಿ, ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವಂತೆ ತಿರುಗಿಸಿದಾಗ ಮಗುಚಿಬಿದ್ದಿತು. ಆಗ ಸಂಸ್ಥೆ ಇಎಸ್‌ಪಿಯನ್ನು ಆ ಸಣ್ಣ ಕಾರಿಗೂ ಕಡ್ಡಾಯವಾಗಿ ಕೊಟ್ಟಿತು. ಹಣವಂತರು ಮೊದಲು ತೆತ್ತ ಬೆಲೆಯಿಂದಲೇ ತಂತ್ರಜ್ಞಾನ ಕೆಳಗಿಳಿಯುತ್ತದೆ.

ಸ್ಪೋರ್ಟ್ಸ್ ಕಾರುಗಳ ಅಭಿಮಾನಿಗಳು 2002ರಲ್ಲಿ ಪೋರ್ಷೆಯ ಮೊದಲ ಎಸ್‌ಯುವಿ ಕಯೆನ್ ಬಂದಾಗ ಮುಖ ಸಿಂಡರಿಸಿದ್ದರು. ಇಂದು ಪೋರ್ಷೆ ಮಾರುವ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಯೆನ್ ಮತ್ತು ಮಕಾನ್ ಎಂಬ ಎಸ್‌ಯುವಿಗಳೇ. 2023ರಲ್ಲಿ ಲ್ಯಾಂಬೊರ್ಗಿನಿ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ವರ್ಷಕ್ಕೆ 10,000 ಕಾರುಗಳ ಗಡಿ ದಾಟಿದಾಗ, ಆ ಮಾರಾಟದ ಸುಮಾರು ಶೇ 60 ಪಾಲು ಉರುಸ್‌ನದು. ನಮ್ಮ ಖಜಾನೆಗೂ ಲಾಭವಿದೆ: ದೊಡ್ಡ ಕಾರುಗಳ ಮೇಲೆ ಶೇ 40 ಜಿಎಸ್‌ಟಿ, ಅದರ ಮೇಲೆ ಕರ್ನಾಟಕದಲ್ಲಿ 20 ಲಕ್ಷಕ್ಕೂ ಹೆಚ್ಚು ಬೆಲೆಯ ಕಾರಿಗೆ ಶೇ 18 ಜೀವಿತಾವಧಿ ತೆರಿಗೆ. 3 ಕೋಟಿಯ ಕಾರೊಂದರಿಂದ ರಾಜ್ಯಕ್ಕೆ ಬರುವ 54 ಲಕ್ಷ ರೂಪಾಯಿಯನ್ನು ಕೊಡುವವನು ಯಾರ ಕಿಸೆಗೂ ಕೈಹಾಕಿರುವುದಿಲ್ಲ.

ವಿರೋಧ

ಈ ವಾಹನಗಳ ಹಿಂದಿರುವ ಎಂಜಿನಿಯರಿಂಗ್ ಕೌಶಲದ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೆ ಆ ಕೌಶಲದ ಬಹುಪಾಲು ಖರ್ಚಾಗುತ್ತಿರುವುದು ಯಾವುದಕ್ಕೆ ಎಂದು ಕೇಳಿದರೆ ಸಿಗುವ ಉತ್ತರ ಸಮಾಧಾನ ತರುವುದಿಲ್ಲ. ಕಾರನ್ನು ಎತ್ತರಿಸಿದಾಗ ಅದರ ಗುರುತ್ವಕೇಂದ್ರ ಮೇಲೇರುತ್ತದೆ, ತಿರುವಿನಲ್ಲಿ ಮೈ ವಾಲುತ್ತದೆ. ಆ ವಾಲುವಿಕೆಯನ್ನು ತಡೆಯಲು 48 ವೋಲ್ಟಿನ ಮೋಟಾರುಗಳಿಂದ ನಡೆಯುವ ಆಂಟಿ-ರೋಲ್‌ಬಾರ್‌ಗಳು ಬೇಕು. ಉದ್ದವಾದ ಕಾರು ಚುರುಕಾಗಿ ತಿರುಗಲೆಂದು ಹಿಂಚಕ್ರಗಳಿಗೂ ಸ್ಟೇರಿಂಗ್ ಬೇಕು. ಇವೆಲ್ಲ ಸೇರಿ ಉರುಸ್‌ನ ತೂಕ 2,200 ಕಿಲೋದ ಆಸುಪಾಸಿಗೆ ಬಂದಾಗ, ಅದನ್ನು ನಿಲ್ಲಿಸಲು ಮುಂಚಕ್ರಗಳಲ್ಲಿ 440 ಮಿ.ಮೀ. ವ್ಯಾಸದ ಕಾರ್ಬನ್-ಸೆರಾಮಿಕ್ ಬ್ರೇಕ್ ತಟ್ಟೆಗಳು ಬೇಕಾಗುತ್ತವೆ. ಆಕಾರವೇ ತಂದೊಡ್ಡಿದ ರೋಗಕ್ಕೆ ಇವು ಒಂದರ ಮೇಲೊಂದು ಔಷಧಗಳು. ಲ್ಯಾಂಬೊರ್ಗಿನಿ ಸೇರಿರುವ ಅದೇ ಫೋಕ್ಸ್‌ವ್ಯಾಗನ್ ಸಮೂಹದ ಆಡಿ ಆರ್‌ಎಸ್6 ಅವಾಂಟ್ ತಗ್ಗಾದ ಮೈಕಟ್ಟಿನಲ್ಲಿ ಐದು ಜನರನ್ನೂ ಅವರ ಸಾಮಾನುಗಳನ್ನೂ ಹೊತ್ತು, 600 ಅಶ್ವಶಕ್ತಿಯಲ್ಲೇ ಅದೇ 3.6 ಸೆಕೆಂಡುಗಳನ್ನು ಸಾಧಿಸುತ್ತದೆ. ಎತ್ತರಕ್ಕೂ ತೂಕಕ್ಕೂ ತೆತ್ತ ದಂಡ ಎಷ್ಟೆಂಬುದನ್ನು ಅಳೆಯಲು ಈ ಒಂದು ಹೋಲಿಕೆ ಸಾಕು.

ಇಷ್ಟೆಲ್ಲ ಮಾಡಿ ಪಡೆದ ಗಂಟೆಗೆ 305 ಕಿ.ಮೀ.ಗಳ ಗರಿಷ್ಠ ವೇಗವನ್ನು ನಮ್ಮಲ್ಲಿ ಎಲ್ಲಿ ಬಳಸುವುದು? ಭಾರತದ ಎಕ್ಸ್‌ಪ್ರೆಸ್‌ವೇಗಳಲ್ಲಿ ಕಾರಿಗೆ ಅನುಮತಿಸಿದ ಮಿತಿ 120. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಂತೂ 100 ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ. ಲಾರಿಯನ್ನು ಹಿಂದಿಕ್ಕುವ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಬೇಲೂರು-ಮೂಡಿಗೆರೆಯ ದಾರಿಯಲ್ಲಿ ಓವರ್‌ಟೇಕ್ ಮಾಡಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಮುಂದಿನ ತಿರುವಿನವರೆಗೆ ಕಾಣುವ ದೂರ. ಎದುರಿನಿಂದ ಬರುವ ಬಸ್ಸು ಕಣ್ಣಿಗೆ ಬೀಳದ ಕಡೆ 650 ಅಶ್ವಶಕ್ತಿ ಕೊಡುವುದು ತಪ್ಪು ಧೈರ್ಯವನ್ನಷ್ಟೇ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಕಾರಿನ ಹೊರಗಿರುವವರ ಪಾಡು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1.68 ಲಕ್ಷ ಜನರಲ್ಲಿ ಸುಮಾರು 33,000 ಮಂದಿ ಪಾದಚಾರಿಗಳು. ಅಮೆರಿಕದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ಟಿನ ಮುಂಭಾಗ ಸುಮಾರು ಒಂದು ಮೀಟರಿಗಿಂತ ಎತ್ತರವಿರುವ ವಾಹನಗಳು ಪಾದಚಾರಿಗೆ ಡಿಕ್ಕಿ ಹೊಡೆದಾಗ, ತಗ್ಗಾಗಿ ಇಳಿಜಾರಿರುವ ಮುಂಭಾಗದ ವಾಹನಗಳಿಗೆ ಹೋಲಿಸಿದರೆ, ಸಾವಿನ ಸಾಧ್ಯತೆ ಶೇ 45ರಷ್ಟು ಹೆಚ್ಚು. ತಗ್ಗು ಕಾರು ಕಾಲಿಗೆ ತಾಗಿ ಮನುಷ್ಯನನ್ನು ಬಾನೆಟ್ಟಿನ ಮೇಲೆ ಉರುಳಿಸಿದರೆ, ಎತ್ತರದ ಮೂತಿ ಎದೆಗೇ ಬಡಿದು ನೆಲಕ್ಕೆ ಕೆಡವುತ್ತದೆ. ಶಾಲೆಯ ಮಗುವಾದರೆ ಆ ಎತ್ತರದಲ್ಲಿರುವುದು ತಲೆ. ಫುಟ್‌ಪಾತ್ ಇಲ್ಲದ, ಇದ್ದರೂ ನಡೆಯಲಾಗದ ನಮ್ಮ ಊರುಗಳಲ್ಲಿ ಈ ಭೌತಶಾಸ್ತ್ರವನ್ನು ಕಾರಿನೊಳಗೆ ಕುಳಿತವರ ಸುಖದೊಂದಿಗೆ ತೂಗಲು ನನಗೆ ಮನಸ್ಸು ಬಾರದು. ಇದಕ್ಕೆ 54 ಲಕ್ಷದ ತೆರಿಗೆ ಪರಿಹಾರವಾಗುವುದಿಲ್ಲ. 2024ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನ ಮತದಾರರು ಹೊರಗಿನಿಂದ ಬರುವ ಭಾರೀ ಕಾರುಗಳ ಪಾರ್ಕಿಂಗ್ ದರವನ್ನು ಮೂರು ಪಟ್ಟು ಏರಿಸಲು ಒಪ್ಪಿದ್ದು, ರಸ್ತೆಯ ಜಾಗವನ್ನೂ ಅಪಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ದಿಕ್ಕಿನಲ್ಲಿ ಇಟ್ಟ ಹೆಜ್ಜೆ.

ತಂತ್ರಜ್ಞಾನ ಕೆಳಗಿಳಿಯುತ್ತದೆ ಎಂಬ ಮಾತು ನಿಜ, ಮತ್ತು ಆ ನಿಜವೇ ಸಾಮಾನ್ಯ ಕಾರಿನ ಪರವಾಗಿ ನಿಲ್ಲುತ್ತದೆ. 2024ರಲ್ಲಿ 6.49 ಲಕ್ಷ ರೂಪಾಯಿಯ ಆರಂಭಿಕ ಬೆಲೆಗೆ ಬಂದ ಮಾರುತಿ ಸ್ವಿಫ್ಟ್‌ನ ಅತಿ ಅಗ್ಗದ ಮಾದರಿಯಲ್ಲೂ ಆರು ಏರ್‌ಬ್ಯಾಗುಗಳಿವೆ, ಇಎಸ್‌ಪಿಯೂ ಇದೆ. ಪೋರ್ಷೆಯ ಲೆಕ್ಕಪುಸ್ತಕ ಸುಧಾರಿಸಿದ್ದು ಪೋರ್ಷೆಗೆ ಕಾರಣವೇ ಹೊರತು ಕೊಳ್ಳುವವನಿಗಲ್ಲ.

ಇನ್ನು ಆ ತೋಟದ ದಾರಿಯ ಮಾತಿಗೆ ಬರೋಣ. ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ.; ಕೆಸರಿನ ಕೊನೆಯ ಎರಡು ಕಿ.ಮೀ.ಗೆ ಅದು ಸಾಲದು ಎನ್ನುವುದಾದರೆ ತೋಟದಲ್ಲೇ ಹಳೆಯ ಜೀಪೊಂದನ್ನು ಇಟ್ಟುಕೊಳ್ಳಬಹುದು, ಮಲೆನಾಡಿನ ಬೆಳೆಗಾರರು ಬಹುಕಾಲದಿಂದ ಮಾಡಿಕೊಂಡು ಬಂದದ್ದೂ ಅದನ್ನೇ. ಮಂಡಿನೋವಿನ ಹಿರಿಯರಿಗೆ ಎತ್ತರದ ಸೀಟು ಬೇಕೆಂದರೆ ಇನ್ನೋವಾ ಇದೆ. ಎರಡನ್ನೂ ಕೊಂಡ ಮೇಲೂ 2018ರಲ್ಲಿ ಉರುಸ್ ಭಾರತಕ್ಕೆ ಬಂದಾಗಿದ್ದ 3 ಕೋಟಿಯ ಬಹುಪಾಲು ಕೈಯಲ್ಲೇ ಉಳಿಯುತ್ತದೆ. ತಳದ ಎತ್ತರದ ಬಗ್ಗೆ ಇಷ್ಟು ಚರ್ಚಿಸುವವರು ಅಗಲವನ್ನು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಒಂಟಿ ಪಥದ ರಸ್ತೆಯ ಡಾಂಬರಿನ ಪ್ರಮಾಣಿತ ಅಗಲ 3.75 ಮೀಟರ್. ಸ್ವಿಫ್ಟ್‌ನ ಅಗಲ 1.73 ಮೀಟರ್, ಉರುಸ್‌ನದು ಕನ್ನಡಿಗಳನ್ನು ಬಿಟ್ಟೇ 2 ಮೀಟರಿಗೂ ತುಸು ಹೆಚ್ಚು. ಎದುರುಬದುರಾದ ಎರಡು ಸ್ವಿಫ್ಟ್‌ಗಳು ಕನ್ನಡಿ ಮಡಚಿಕೊಂಡು ಡಾಂಬರಿನ ಮೇಲೆಯೇ ದಾಟಿಕೊಂಡು ಹೋಗಬಲ್ಲವು. ಎರಡು ಉರುಸ್‌ಗಳು ಎದುರಾದರೆ ಒಂದು ಚರಂಡಿಯ ಬದಿಗೆ ಇಳಿಯಬೇಕು, ಇಲ್ಲವೇ ಹಿಂದಿನ ಮೋರಿಯವರೆಗೆ ರಿವರ್ಸ್ ಹೋಗಬೇಕು.