ಹತ್ತು ತಿಂಗಳ ಊಟ, ಬಾಡಿಗೆ

ಕಳೆದ ವರ್ಷ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಒಂದು ಪ್ರಾಥಮಿಕ ಶಾಲೆಗೆ ದುಭಾಷಿಯಾಗಿ ಹೋಗಿದ್ದೆ. ಹಾಸನದ ಕಡೆಯ ಗಂಡ ಹೆಂಡತಿ, ಆರು ವರ್ಷದ ಮಗ. ಅಮೆರಿಕಕ್ಕೆ ಬಂದು ಇನ್ನೂ ಎಂಟು ತಿಂಗಳು. ಹುಡುಗ ಕ್ಲಾಸಿನಲ್ಲಿ ಬಾಯೇ ಬಿಡುತ್ತಿಲ್ಲ, ಕಲಿಕೆಯಲ್ಲಿ ತೊಂದರೆ ಇದೆಯೋ ಏನೋ ಅಂತ ಪರೀಕ್ಷೆಗೆ ಕರೆಸಿದ್ದರು. ಪರೀಕ್ಷೆ ಮಾಡುತ್ತಿದ್ದವಳು ಸ್ಕೂಲ್ ಸೈಕಾಲಜಿಸ್ಟ್ (ಶಾಲೆಯ ಮನಶ್ಶಾಸ್ತ್ರಜ್ಞೆ) ಆಗಲು ಓದುತ್ತಾ ಇಂಟರ್ನ್‌ಶಿಪ್‌ಗೆ ಬಂದಿದ್ದ ವಿದ್ಯಾರ್ಥಿನಿ, ಮೆಕ್ಸಿಕೋದಿಂದ ವಲಸೆ ಬಂದ ಮನೆಯ ಹುಡುಗಿ. ಮೇಜಿನ ಮೇಲೆ ಕೆಂಪು-ಬಿಳಿ ಬ್ಲಾಕುಗಳು. "ಇನ್ನೊಂದು ಮಾಡೋಣವಾ?" ಅಂತ ಕೇಳಿದಳು. ಇವನು ತಲೆ ಎತ್ತಲಿಲ್ಲ, ನಾಲಿಗೆಯಲ್ಲಿ "ಚ್" ಅಂದ, ಅಷ್ಟೇ. 'ಉತ್ತರ ಇಲ್ಲ' ಅಂತ ಗುರುತು ಹಾಕಲು ಹೋದ ಅವಳ ಪೆನ್ಸಿಲು ನಿಂತಿತು. ನನ್ನ ಕಡೆ ತಿರುಗಿ ಕೇಳಿದಳು: "ನಿಮ್ಮ ಮನೆಗಳಲ್ಲಿ ಇದೂ ಒಂದು ಉತ್ತರವಾ?"

ಹೌದು, 'ಬೇಡ' ಅಂತ ಅರ್ಥ, ಅಂದೆ. ಹಾಗೇ ಬರೆದುಕೊಂಡಳು.

ಆಮೇಲೆ ಕಾರಿಡಾರಿನಲ್ಲಿ ಹೇಳಿದಳು, ಎಂಟು ವರ್ಷದವಳಿದ್ದಾಗಿನಿಂದ ಅಮ್ಮನ ಪರವಾಗಿ ಶಾಲೆಯ ಮೀಟಿಂಗುಗಳಲ್ಲಿ ತಾನೇ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳಂತೆ.

ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಸ್ಕೂಲ್ ಸೈಕಾಲಜಿಸ್ಟ್ ಬರೆಯುವ ವರದಿಗೆ ಬಹಳ ತೂಕ. ಮಗು ಯಾವ ತರಗತಿಯಲ್ಲಿ ಕೂರಬೇಕು ಅನ್ನುವುದು ಬಹುಮಟ್ಟಿಗೆ ಅದರ ಮೇಲೆ ನಿಂತಿರುತ್ತದೆ. ಸ್ಯಾನ್ ಹೋಸೆಯಿಂದ ದಕ್ಷಿಣಕ್ಕೆ ಒಂದೂವರೆ ಗಂಟೆ ಹೋದರೆ ಸೊಲೆಡಾಡ್ ಸಿಗುತ್ತದೆ. ಅಲ್ಲಿ ಸ್ಪ್ಯಾನಿಷ್ ಮಾತಾಡುವ ಮಕ್ಕಳಿಗೆ ಇಂಗ್ಲಿಷಿನಲ್ಲಿ ಬುದ್ಧಿಮತ್ತೆ ಪರೀಕ್ಷೆ ಕೊಟ್ಟು, ಬುದ್ಧಿಮಾಂದ್ಯರ ತರಗತಿಗೆ ಹಾಕಿದ್ದರು. ಮನೆಮಾತಿನಲ್ಲಿ ಮತ್ತೆ ಪರೀಕ್ಷಿಸಿದಾಗ ಹೆಚ್ಚಿನ ಮಕ್ಕಳು ಬುದ್ಧಿಮಾಂದ್ಯ ಅನ್ನುವ ಗೆರೆ ದಾಟಿ ಮೇಲೆ ಬಂದರು. ಡಯಾನಾ ಮೊಕದ್ದಮೆ ಎಂದೇ ಹೆಸರಾದ ಆ ಪ್ರಕರಣ 1970ರಲ್ಲಿ ಇತ್ಯರ್ಥವಾಯಿತು. ಸಾಧ್ಯವಿರುವ ಕಡೆಯೆಲ್ಲ ಮಗುವಿನ ಮಾತಿನಲ್ಲೇ ಪರೀಕ್ಷೆ ಆಗಬೇಕು ಅನ್ನುವುದು ಈಗ ಇಡೀ ದೇಶಕ್ಕೆ ಕಾನೂನು. ಆದರೆ ಆ ಮಾತು, ಆ ಮನೆ ಬಲ್ಲವರು ಎಲ್ಲಿದ್ದಾರೆ? ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಬಿಳಿಯರು ಅರ್ಧಕ್ಕಿಂತ ಕಡಿಮೆ. ಈ ವೃತ್ತಿಯಲ್ಲಿರುವವರಲ್ಲಿ ಮುಕ್ಕಾಲು ಪಾಲಿಗೂ ಮೀರಿ ಬಿಳಿಯರೇ. 500 ಮಕ್ಕಳಿಗೆ ಒಬ್ಬರಿರಬೇಕು ಅನ್ನುತ್ತದೆ ಈ ವೃತ್ತಿಯವರ ರಾಷ್ಟ್ರೀಯ ಸಂಘ. ದೇಶದ ಸರಾಸರಿ ನೋಡಿದರೆ ಒಬ್ಬೊಬ್ಬರ ಪಾಲಿಗೆ ಸಾವಿರಕ್ಕೂ ಹೆಚ್ಚು ಮಕ್ಕಳು.

ಅದಕ್ಕೇ ಆ ಸಂಘದ ಟ್ರಸ್ಟು ಅಲ್ಪಸಂಖ್ಯಾತ ಸಮುದಾಯಗಳಿಂದ ಈ ಓದಿಗೆ ಬರುವವರಿಗೆ ಬಹುಕಾಲದಿಂದ 5,000 ಡಾಲರ್ ವಿದ್ಯಾರ್ಥಿವೇತನ ಕೊಡುತ್ತಾ ಬಂತು. ಈ ವಿಷಯ ಎತ್ತಿದರೆ ನಮ್ಮವರ ಮನೆ ಊಟಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: "ಬಣ್ಣ ನೋಡಿ ಯಾಕೆ ಕೊಡಬೇಕು, ಅಂಕ ನೋಡಿ ಕೊಡಲಿ." ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಹೀಗೆ ಹೇಳುವವರ ಮಕ್ಕಳೂ ನಾಳೆ ಅದೇ ಮೇಜಿನ ಮುಂದೆ ಕೂರಬಹುದಲ್ಲ? ಸರ್ಕಾರದ ಕುರ್ಚಿಗಳಲ್ಲಿ ಯಾರು ಕೂತಿದ್ದಾರೆ, ಯಾರು ಕೂತಿಲ್ಲ ಅಂತ ನೋಡಲು ನಮ್ಮ ಮೈಸೂರು ಸಂಸ್ಥಾನ ಮಿಲ್ಲರ್ ಸಮಿತಿಯನ್ನು ನೇಮಿಸಿದ್ದು 1918ರಲ್ಲಿ. ಆ ನಾಡಿನಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬರಬಾರದಿತ್ತು.

ನಾನು ಓದಿದ್ದು ಅರಸೀಕೆರೆಯ ಬಿಸಿಎಂ ಹಾಸ್ಟೆಲಿನಲ್ಲಿದ್ದುಕೊಂಡು. ಬೆಳಿಗ್ಗೆ ಚಿತ್ರಾನ್ನ, ರಾತ್ರಿ ಮುದ್ದೆ ಸಾರು. ಒಂದು ಟ್ರಂಕು, ಒಂದು ಚಾಪೆ. ಫೀಸಿಗಿಂತ ದೊಡ್ಡದು ಊಟ ಮತ್ತು ತಲೆ ಮೇಲೊಂದು ಸೂರು ಅನ್ನುವುದು ನಮ್ಮ ಸರ್ಕಾರಗಳಿಗೆ, ಮಠಗಳಿಗೆ ಮೊದಲಿಂದಲೂ ಗೊತ್ತು. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡಲು ಶುರುವಾದ ವಿದ್ಯಾಸಿರಿ ಯೋಜನೆಯ ಹಿಂದೆ ಇರುವುದೂ ಇದೇ ತಿಳಿವಳಿಕೆ. ಮೊತ್ತ ಸಾಲದು, ದುಡ್ಡು ತಡವಾಗಿ ಬರುತ್ತದೆ ಅನ್ನುವ ದೂರು ನಮ್ಮ ಅಕ್ಕನ ಮಗನ ಬಾಯಲ್ಲೇ ಕೇಳಿದ್ದೇನೆ. ಆದರೂ ತಿಂಗಳು ತಿಂಗಳ ಲೆಕ್ಕ ಇದೆಯಲ್ಲ, ಅದು ಸರಿಯಾದ ಲೆಕ್ಕ.

ಅಮೆರಿಕದ ಪದ್ಧತಿಯಲ್ಲಿ ನನಗೆ ಕಾಣುವ ಕೊರತೆ ಇಲ್ಲಿದೆ. ಈ ಓದು ಸಾಮಾನ್ಯವಾಗಿ ಮೂರು ವರ್ಷದ್ದು. ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್, ಕನಿಷ್ಠ 1,200 ಗಂಟೆ. ಬಹಳ ಕಡೆ ಸಂಬಳ ಇಲ್ಲ, ಇದ್ದರೂ ಅಷ್ಟಕ್ಕಷ್ಟೆ. ಹಗಲೆಲ್ಲ ಶಾಲೆಯಲ್ಲಿದ್ದು ಬಾಡಿಗೆ ಎಲ್ಲಿಂದ ಕಟ್ಟುವುದು? ಆ ಮೆಕ್ಸಿಕನ್ ಹುಡುಗಿ ವಾರಕ್ಕೆ ಮೂರು ರಾತ್ರಿ ಅಂಗಡಿಯೊಂದರಲ್ಲಿ ಸಾಮಾನು ಜೋಡಿಸುವ ಕೆಲಸ ಮಾಡುತ್ತಿದ್ದಳು. ಅಷ್ಟಾದ ಮೇಲೂ ಬೆಳಿಗ್ಗೆ ಎಂಟಕ್ಕೆ ಬಂದು, ಒಂದು "ಚ್" ಅನ್ನು ಕಿವಿಗೊಟ್ಟು ಕೇಳಿದಳು. ಓದಿನ ಮೊದಲಿಗೆ ಸನ್ಮಾನದ ಹಾಗೆ ಒಂದು ಚೆಕ್ಕು ಕೊಡುವುದಕ್ಕಿಂತ, ಆ ಕೊನೆಯ ವರ್ಷದ ಬಾಡಿಗೆ ಹೊತ್ತುಕೊಳ್ಳುವುದು ಮೇಲು.

ಹಾಗಂತ ನಮ್ಮದೇ ಸರಿ ಅನ್ನಲಾರೆ. ಬಿನೆ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿ ವಿ.ವಿ. ಕಾಮತರು 1934ರಲ್ಲೇ ಪ್ರಕಟಿಸಿದ್ದರು. ಬಿನೆ-ಕಾಮತ್ ಪರೀಕ್ಷೆ ಅಂತ ಇವತ್ತಿಗೂ ಬಳಕೆಯಲ್ಲಿದೆ. ಇಷ್ಟು ಮೊದಲೇ ಪರೀಕ್ಷೆ ಬಂತು, ಆದರೆ ಅದನ್ನು ಮಾಡುವವರು ಹಳ್ಳಿ ಶಾಲೆಗೆ ಬರಲಿಲ್ಲ. ನನ್ನ ಜೊತೆ ಓದುತ್ತಿದ್ದ ಒಬ್ಬ ಹುಡುಗ ಅಕ್ಷರಗಳನ್ನು ತಿರುಗಾ ಮುರುಗಾ ಬರೆಯುತ್ತಿದ್ದ. ಆರನೇ ಕ್ಲಾಸಿಗೆ ಶಾಲೆ ಬಿಟ್ಟ. ಅವನನ್ನು ದಡ್ಡ ಅಂತಲೇ ಎಲ್ಲರೂ ಕರೆದೆವು, ನಾನೂ ಕರೆದೆ. ಮನಶ್ಶಾಸ್ತ್ರದಲ್ಲಿ ಎಂಎ ಮಾಡಲು ವಿದ್ಯಾರ್ಥಿವೇತನ ನಮ್ಮಲ್ಲಿ ಸಿಗುತ್ತದೆ. ಓದಿ ಮುಗಿಸಿದವರು ಸರ್ಕಾರಿ ಶಾಲೆಗೆ ಹೋಗೋಣ ಅಂದರೆ, ಇಲ್ಲಿರುವಂಥ ಹುದ್ದೆ ಅಲ್ಲಿಲ್ಲ.

ಇಲ್ಲೂ ಈಗ ಗಾಳಿ ತಿರುಗಿದೆ. ಟೆಕ್ಸಾಸಿನ ಉವಾಲ್ಡೆ ಶಾಲೆಯ ಗುಂಡಿನ ದಾಳಿಯ ನಂತರ 2022ರಲ್ಲಿ ಬಂದ ಕಾನೂನಿನ ಅಡಿ ಶಾಲೆಗಳ ಮಾನಸಿಕ ಆರೋಗ್ಯಕ್ಕೆಂದು ದೊಡ್ಡ ಅನುದಾನ ಬಂದಿತ್ತು. ಹೊಸಬರನ್ನು ತಯಾರು ಮಾಡುವುದಕ್ಕೂ ಅದರಲ್ಲಿ ಹಣವಿತ್ತು. ಸುಮಾರು 100 ಕೋಟಿ ಡಾಲರಿನಷ್ಟು ಅನುದಾನವನ್ನು ಮುಂದುವರಿಸುವುದಿಲ್ಲ ಅಂತ ಕೇಂದ್ರದ ಶಿಕ್ಷಣ ಇಲಾಖೆ 2025ರ ಏಪ್ರಿಲ್‌ನಲ್ಲಿ ತಿಳಿಸಿತು. ರಾಜ್ಯಗಳು ಕೋರ್ಟಿಗೆ ಹೋದವು.

ನಮ್ಮ ಕನ್ನಡ ಕೂಟ ರಾಜ್ಯೋತ್ಸವಕ್ಕೆ ಚೆನ್ನಾಗಿಯೇ ಖರ್ಚು ಮಾಡುತ್ತದೆ. ಮುಂದಿನ ಕಾರ್ಯಕಾರಿ ಸಭೆಗೆ ಒಂದು ಹಾಳೆ ಬರೆದುಕೊಟ್ಟಿದ್ದೇನೆ: ಹತ್ತಿರದ ವಿಶ್ವವಿದ್ಯಾಲಯದಲ್ಲಿ ಈ ಓದಿನ ಕೊನೆಯ ವರ್ಷದಲ್ಲಿರುವ ಒಬ್ಬರಿಗೆ, ಹತ್ತು ತಿಂಗಳು, ಬಾಡಿಗೆಯ ಅರ್ಧ. ಕನ್ನಡದವರೇ ಆಗಬೇಕೆಂದಿಲ್ಲ ಅಂತ ಕೆಳಗೆ ಗೆರೆ ಎಳೆದು ಬರೆದಿದ್ದೇನೆ.