ಕಿರಿಯರ ಸಂಘದ ಹಿರಿಯರು

ಮಂಗಳೂರಿನಲ್ಲಿ ಕಾನೂನು ವಿದ್ಯಾರ್ಥಿಗಳಿಗೂ ಕಿರಿಯ ವಕೀಲರಿಗೂ ಸೇರಿ ಒಂದು ಸಂಘವಿದೆ ಎಂದು ಇಟ್ಟುಕೊಳ್ಳಿ. ಅದಕ್ಕೆ ಹೆಸರಿಡುವ ಸಾಹಸಕ್ಕೆ ನಾನು ಹೋಗುವುದಿಲ್ಲ. ಮಾನನಷ್ಟ ಮೊಕದ್ದಮೆ ಹೂಡುವುದಕ್ಕೆ ಅವರಲ್ಲಿ ಜನಕ್ಕೂ ಬಿಡುವಿಗೂ ಕೊರತೆಯಿಲ್ಲ. ಸಂಘದ ಉದ್ದೇಶ ಬೈಲಾದ ಮೊದಲ ಪುಟದಲ್ಲೇ ಇದೆ: ಕಾನೂನು ಕಾಲೇಜಿಗೆ ಸೇರಿದ ದಿನದಿಂದ ಸ್ವಂತ ಕಚೇರಿಯ ಬಾಗಿಲಿಗೆ ಹೆಸರಿನ ಫಲಕ ಹಾಕುವ ದಿನದವರೆಗೆ ಸದಸ್ಯರ ಹಿತವನ್ನು ಕಾಯುವುದು. ಆ ಅವಧಿ ಎಷ್ಟು ವರ್ಷದ್ದು ಎಂದು ಮಾತ್ರ ಬೈಲಾ ಹೇಳುವುದಿಲ್ಲ. ಹೀಗಾಗಿ ಈಗಿನ ಅಧ್ಯಕ್ಷರು ಮುಂದಲೆಯ ಕೂದಲನ್ನು ಕಳೆದುಕೊಂಡು, ಮಗಳನ್ನು ಪಿಯುಸಿಗೆ ಸೇರಿಸಿದ ಮೇಲೂ ಕಿರಿಯರಾಗಿಯೇ ಉಳಿದಿದ್ದಾರೆ. ಎಲ್‌ಎಲ್‌ಎಂ ಪ್ರಬಂಧವನ್ನು ಇನ್ನೂ ಸಲ್ಲಿಸಿಲ್ಲವಾದ್ದರಿಂದ ಅವರು ವಿದ್ಯಾರ್ಥಿಯೂ ಹೌದು. ಸಲ್ಲಿಸಿದ ದಿನವೇ ಸಂಘ ಅನಾಥವಾದೀತೆಂಬ ಕಳಕಳಿಯಿಂದ ಅವರು ಪ್ರಬಂಧದ ಕೊನೆಯ ಅಧ್ಯಾಯವನ್ನು ಬರೆಯದೆ ತಡೆದಿಟ್ಟಿದ್ದಾರೆ ಎಂದು ಆಪ್ತರು ಹೇಳುತ್ತಾರೆ. ಉಪಾಧ್ಯಕ್ಷರು ಮೂವರಿದ್ದು, ಪ್ರತಿಯೊಬ್ಬರ ಕಚೇರಿಯಲ್ಲೂ ನಾಲ್ಕೈದು ಮಂದಿ ನಿಜವಾದ ಕಿರಿಯರು ದುಡಿಯುತ್ತಾರೆ. ಕಿರಿಯರ ಕಷ್ಟವನ್ನು ಇಷ್ಟು ಹತ್ತಿರದಿಂದ ಬಲ್ಲ, ಅಷ್ಟೇ ಏಕೆ, ಅದನ್ನು ಸ್ವಂತ ಕೈಯಿಂದಲೇ ಉಂಟುಮಾಡಿ ಬಲ್ಲ ಪದಾಧಿಕಾರಿಗಳು ಬೇರಾವ ಸಂಘಕ್ಕೂ ಸಿಕ್ಕಿರಲಾರರು.

ಪದಗ್ರಹಣ ಸಮಾರಂಭ ನಡೆಯುವುದು ಪುರಭವನದಲ್ಲಿ. ಆ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಅವರು ಇದೇ ಊರಿನಲ್ಲಿ ವಕೀಲರಾಗಿದ್ದು, ದಲಿತರ ಮಕ್ಕಳಿಗೆ ಶಾಲೆ ತೆರೆದ ತಪ್ಪಿಗೆ ಸ್ವಂತ ಸಮಾಜದ ಬಹಿಷ್ಕಾರವನ್ನು ಉಂಡವರು. ಅವರ ಹೆಸರನ್ನು ಸ್ವಾಗತ ಭಾಷಣದಲ್ಲಿ ಒಮ್ಮೆ, ವಂದನಾರ್ಪಣೆಯಲ್ಲಿ ಒಮ್ಮೆ ಸ್ಮರಿಸಲಾಗುತ್ತದೆ. ನಡುವಿನ ಸಮಯವೆಲ್ಲ ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ ಮತ್ತು ಅಡಿಕೆ ಹಾಳೆಯ ಮುಟ್ಟಾಳೆ ಟೋಪಿಗಳಿಗೆ ಮೀಸಲು. ವಿದ್ಯಾರ್ಥಿ ಸದಸ್ಯರು ವೇದಿಕೆಗೆ ಕುರ್ಚಿ ಹೊರುತ್ತಾರೆ, ಗಣ್ಯರಿಗೆ ನೀರು ಕೊಡುತ್ತಾರೆ, ಫೋಟೊ ತೆಗೆಯುತ್ತಾರೆ. ಇದನ್ನೂ ಇಂಟರ್ನ್‌ಶಿಪ್‌ನ ಲೆಕ್ಕಕ್ಕೆ ಹಿಡಿಯಬಹುದೆಂದು ಕಾರ್ಯದರ್ಶಿಗಳು ಭರವಸೆ ಕೊಟ್ಟಿರುವುದರಿಂದ ಯಾರೂ ಗೊಣಗುವುದಿಲ್ಲ. ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) ನಿಯಮದಂತೆ 3 ವರ್ಷದ ಪದವಿಗೆ 12 ವಾರ, 5 ವರ್ಷದ ಪದವಿಗೆ 20 ವಾರ ಇಂಟರ್ನ್‌ಶಿಪ್ ಆಗಲೇಬೇಕು. ಆ ವಾರಗಳಲ್ಲಿ ಏನು ಕಲಿತಿರೆಂದು ಡೈರಿ ಬರೆಯಬೇಕು. ಜೆರಾಕ್ಸ್ ಅಂಗಡಿಯ ಸರದಿಯಲ್ಲಿ ನಿಂತದ್ದನ್ನು ಡೈರಿಯಲ್ಲಿ ‘ದಾಖಲೆಗಳ ನಿರ್ವಹಣೆ’ ಎಂದೂ, ಚಾ ತಂದದ್ದನ್ನು ‘ಕಕ್ಷಿದಾರರೊಂದಿಗೆ ಸಮಾಲೋಚನೆ’ ಎಂದೂ ಬರೆಯುವ ಕಲೆ ಮೊದಲ ವಾರದಲ್ಲೇ ಕೈವಶವಾಗುತ್ತದೆ. ಮುಂದೆ ಅವರು ಕೋರ್ಟಿಗೆ ಸಲ್ಲಿಸಲಿರುವ ಅಫಿಡವಿಟ್‌ಗಳಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಇರಲಾರದು.

ಸಂಘದ ಅತಿ ದೊಡ್ಡ ಸಾಧನೆ ಬೇರೆಯವರು ಗೆದ್ದುಕೊಟ್ಟದ್ದು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಗೌರವ್ ಕುಮಾರ್ ಪ್ರಕರಣದಲ್ಲಿ, ವಕೀಲರಾಗಿ ನೋಂದಾಯಿಸಿಕೊಳ್ಳುವವರಿಂದ 1961ರ ವಕೀಲರ ಕಾಯ್ದೆಯ 24ನೇ ಕಲಮಿನಲ್ಲಿ ಬರೆದಿರುವಷ್ಟೇ ಶುಲ್ಕವನ್ನು, ಅಂದರೆ ಸಾಮಾನ್ಯರಿಂದ 750 ರೂಪಾಯಿ, ಪರಿಶಿಷ್ಟರಿಂದ 125 ರೂಪಾಯಿ ಮಾತ್ರ ಪಡೆಯಬೇಕೆಂದು ತೀರ್ಪು ಕೊಟ್ಟಿತು. ಅಲ್ಲಿಯವರೆಗೆ ರಾಜ್ಯಗಳ ಪರಿಷತ್ತುಗಳು ಗ್ರಂಥಾಲಯ ನಿಧಿ, ಆಡಳಿತ ವೆಚ್ಚ, ಗುರುತಿನ ಚೀಟಿ ಎಂಬ ಬಾಬತ್ತುಗಳನ್ನು ಒಂದರ ಮೇಲೊಂದು ಪೇರಿಸಿ, ಕೇರಳದಲ್ಲಿ 20,000 ರೂಪಾಯಿಯನ್ನೂ ಒಡಿಶಾದಲ್ಲಿ 42,000 ರೂಪಾಯಿಯನ್ನೂ ದಾಟಿಸಿದ್ದವು. ತೀರ್ಪು ಬಂದ ಸಂಜೆ ನಮ್ಮ ಸಂಘ ಸಿಹಿ ಹಂಚಿತು. ಮರುವಾರ ವಿಜಯೋತ್ಸವ ಏರ್ಪಡಿಸಿ, ಅದರ ಖರ್ಚಿಗೆಂದು ಪ್ರತಿಯೊಬ್ಬ ಸದಸ್ಯನಿಂದ ಸಾವಿರ ರೂಪಾಯಿ ಎತ್ತಿತು. ಸದಸ್ಯತ್ವ ಶುಲ್ಕವೂ ಇದೆ: ಪ್ರವೇಶ ಶುಲ್ಕ, ಕ್ರೀಡಾ ನಿಧಿ, ಕ್ಯಾಲೆಂಡರ್, ಗುರುತಿನ ಚೀಟಿ ಮತ್ತು ಕಟ್ಟಡ ನಿಧಿ. ಕಟ್ಟಡವೊಂದು ಇಲ್ಲ, ನಿಧಿ ಇದೆಯೋ ಎಂಬುದು ಕೋಶಾಧಿಕಾರಿಗಳ ವೈಯಕ್ತಿಕ ವಿಷಯ. ಈ ಬಾಬತ್ತುಗಳಿಗೂ ತೀರ್ಪಿನಲ್ಲಿ ಬಿದ್ದುಹೋದ ಬಾಬತ್ತುಗಳಿಗೂ ಅಣ್ಣತಮ್ಮಂದಿರ ಹೋಲಿಕೆ ಕಾಣುತ್ತಿದೆಯಲ್ಲ ಎಂದು ಯಾರೋ ಕೇಳಿದಾಗ, ಹಿಂದೆ ಪಡೆದುಕೊಂಡದ್ದನ್ನು ಮರಳಿಸಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟೇ ಹೇಳಿದೆ ಎಂದು ಕೋಶಾಧಿಕಾರಿಗಳು ಸರಿಯಾಗಿಯೇ ಉಲ್ಲೇಖಿಸಿದರು. ಮುಂದೆ ಪಡೆಯಬಾರದು ಎಂದು ಅದೇ ತೀರ್ಪಿನಲ್ಲಿರುವ ಭಾಗವನ್ನು ಅವರು ಇನ್ನೂ ಓದುತ್ತಿದ್ದಾರೆ.

ಇಷ್ಟೆಲ್ಲ ಪೀಠಿಕೆ. ಸಂಘದ ನಿಜವಾದ ಪ್ರತಿಭೆ ಬೆಳಗಿದ್ದು ಭತ್ಯೆಯ ಪ್ರಶ್ನೆ ಎದ್ದಾಗ. 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ಸುತ್ತೋಲೆ ಹೊರಡಿಸಿ, ಕಿರಿಯ ವಕೀಲರನ್ನು ಇಟ್ಟುಕೊಳ್ಳುವ ಹಿರಿಯರು ನಗರ ಪ್ರದೇಶದಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿಯನ್ನೂ ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿಯನ್ನೂ ಕೊಡಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಎಂದರೆ ಕಡ್ಡಾಯವಲ್ಲ ಎಂಬುದನ್ನು ಕಂಡುಹಿಡಿಯುವುದಕ್ಕೆ ನಮ್ಮ ಪದಾಧಿಕಾರಿಗಳಿಗೆ ಅರ್ಧ ನಿಮಿಷ ಸಾಕಾಯಿತು. ಆದರೂ ಹಾಗೆಂದು ನೇರವಾಗಿ ಹೇಳುವುದು ಕಿರಿಯರ ಸಂಘಕ್ಕೆ ಶೋಭೆಯಲ್ಲವೆಂದು, ಸುತ್ತೋಲೆಯನ್ನು ಅಕ್ಷರಶಃ ಜಾರಿಗೆ ತರುವ ಸದುದ್ದೇಶದಿಂದ, ಮಂಗಳೂರು ನಗರವೋ ಗ್ರಾಮವೋ ಎಂಬುದನ್ನು ತೀರ್ಮಾನಿಸಲು ಉಪಸಮಿತಿಯೊಂದನ್ನು ರಚಿಸಲಾಯಿತು. ಉಪಸಮಿತಿಯ ಮೂವರು ಸದಸ್ಯರೂ ಸ್ವಂತ ಕಚೇರಿ ಉಳ್ಳವರು, ಏಕೆಂದರೆ ಭತ್ಯೆ ಕೊಡುವುದರ ಅನುಭವ ಇಲ್ಲದಿದ್ದರೂ ಕೊಡದೇ ಇರುವುದರ ಅನುಭವ ಇರುವವರು ಬೇಕಾಗಿತ್ತು.

ಮಂಗಳೂರಿಗೆ ಮಹಾನಗರಪಾಲಿಕೆ ಇದೆ, ವಿಮಾನ ನಿಲ್ದಾಣವಿದೆ, ಬಂದರಿದೆ. 2016ರಲ್ಲಿ ಕೇಂದ್ರ ಸರ್ಕಾರ ಇದನ್ನು ಸ್ಮಾರ್ಟ್ ಸಿಟಿ ಪಟ್ಟಿಗೂ ಸೇರಿಸಿದೆ. ಇವೆಲ್ಲ ಮೇಲ್ನೋಟದ ಸಾಕ್ಷ್ಯಗಳೆಂದು ಉಪಸಮಿತಿ ತಳ್ಳಿಹಾಕಿತು. ಒಬ್ಬ ಸದಸ್ಯರು ತಮ್ಮ ಕೊಡಿಯಾಲಬೈಲಿನ ಕಚೇರಿಯ ಹಿಂಬದಿಯ ಕಿಟಕಿ ತೆರೆದರೆ ಎರಡು ತೆಂಗಿನ ಮರ ಮತ್ತು ಒಂದು ಹಲಸಿನ ಮರ ಕಾಣುತ್ತವೆಂದು ಅಫಿಡವಿಟ್ ಸಲ್ಲಿಸಿದರು. ಸ್ಥಳದ ಹೆಸರಿನಲ್ಲೇ ‘ಬೈಲು’ ಇರುವಾಗ ಅದನ್ನು ನಗರವೆನ್ನುವುದು ಕಂದಾಯ ದಾಖಲೆಗಳಿಗೆ ಮಾಡುವ ಅಪಮಾನ ಎಂಬುದು ಅವರ ಇನ್ನೊಂದು ವಾದ. ಇದೇ ಸದಸ್ಯರು ಕಚೇರಿಯ ಮೇಲಂತಸ್ತನ್ನು ಬಾಡಿಗೆಗೆ ಕೊಡುವಾಗ ‘ನಗರದ ಹೃದಯಭಾಗದಲ್ಲಿ’ ಎಂದು ಜಾಹೀರಾತು ಕೊಟ್ಟಿದ್ದರೆಂಬ ಮಾತು ಕೇಳಿಬಂತಾದರೂ, ಹೃದಯಭಾಗ ನಗರದ್ದೆಂದ ಮಾತ್ರಕ್ಕೆ ಜೇಬಿನ ಭಾಗವೂ ನಗರದ್ದಾಗಬೇಕಾಗಿಲ್ಲ. ಉಡುಪಿಯ ಪ್ರತಿನಿಧಿ ಇನ್ನೂ ಸೂಕ್ಷ್ಮಮತಿಗಳು. 1997ರವರೆಗೆ ಉಡುಪಿ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು ಎಂಬುದನ್ನು ಅವರು ಮೊದಲು ನೆನಪಿಸಿದರು. ಆ ಬಳಿಕ, ಶ್ರೀಕೃಷ್ಣ ಮಠದಲ್ಲಿ ಮಧ್ಯಾಹ್ನದ ಅನ್ನಪ್ರಸಾದ ಎಲ್ಲರಿಗೂ ಸಿಗುವುದರಿಂದ ಉಡುಪಿಯ ಕಿರಿಯ ವಕೀಲನಿಗೆ ಊಟದ ಬಾಬತ್ತಿನ ಭತ್ಯೆ ಕೊಡುವುದು ದೇವರ ಮೇಲಿನ ಅವಿಶ್ವಾಸವಾಗುತ್ತದೆ ಎಂದು ವಾದಿಸಿದರು.

ಕೊನೆಗೆ ಸಲ್ಲಿಕೆಯಾದ ವರದಿ ಕರಾವಳಿಯ ಕಾನೂನು ಚಿಂತನೆಗೆ ಮೂಡಿದ ಗರಿ. ಮಂಗಳೂರು ನಗರವೂ ಅಲ್ಲ, ಗ್ರಾಮವೂ ಅಲ್ಲ, ಅದು ಕರಾವಳಿ. ಕರಾವಳಿಯ ಬಗ್ಗೆ ಸುತ್ತೋಲೆ ಮೌನವಾಗಿದೆ. ಕರಾವಳಿ ನಿಯಂತ್ರಣ ವಲಯದಲ್ಲಿ ಉಬ್ಬರದ ಗೆರೆಯಿಂದ ಈಚೆಗೆ ಹೊಸ ನಿರ್ಮಾಣಕ್ಕೆ ನಿರ್ಬಂಧವಿರುವಂತೆಯೇ, ಇಲ್ಲಿನ ಕಚೇರಿಗಳಲ್ಲಿ ಹೊಸ ಖರ್ಚುಗಳ ನಿರ್ಮಾಣಕ್ಕೂ ಸಂಬಂಧಪಟ್ಟ ಪ್ರಾಧಿಕಾರದ ಪೂರ್ವಾನುಮತಿ ಬೇಕಾದೀತು. ಅಂಥ ಪ್ರಾಧಿಕಾರ ಇನ್ನೂ ಹುಟ್ಟಿಲ್ಲವಾದ್ದರಿಂದ ಯಥಾಸ್ಥಿತಿಯನ್ನು ಕಾಯ್ದುಕೊಳ್ಳತಕ್ಕದ್ದು. ಯಥಾಸ್ಥಿತಿ ಏನೆಂದರೆ, ಬಿ.ಸಿ. ರೋಡಿನಿಂದಲೋ ಸುರತ್ಕಲ್ಲಿನಿಂದಲೋ ಬಸ್ಸು ಹಿಡಿದು ಬರುವ ಹುಡುಗನಿಗೆ ಹಬ್ಬಕ್ಕೊಮ್ಮೆ ಒಂದು ಲಕೋಟೆ, ದೊಡ್ಡ ಕೇಸು ಗೆದ್ದರೆ ಮಧ್ಯಾಹ್ನಕ್ಕೆ ಒಂದು ಬಿರಿಯಾನಿ, ಉಳಿದ ದಿನಗಳಲ್ಲಿ ‘ಕಲಿಯುವ ವಯಸ್ಸು ಇದು’ ಎಂಬ ಮಾತು. ಯಕ್ಷಗಾನ ಮೇಳದಲ್ಲಿ ಪೂರ್ವರಂಗಕ್ಕೆ ಕೋಡಂಗಿ ವೇಷ ಕಟ್ಟುವ ಹುಡುಗನೂ ಕಲಿಯುವವನೇ. ಅವನಿಗೆ ಮೇಳ ಊಟ ಹಾಕುತ್ತದೆ. ಅವನಿಗೊಂದು ಸಂಘವಿಲ್ಲದಿರುವುದೇ ಅದಕ್ಕೆ ಕಾರಣವಿರಬೇಕು.

ಹಾಗೆಂದು ಸಂಘ ಭತ್ಯೆಯ ವಿರೋಧಿಯೆಂದು ಯಾರೂ ಭಾವಿಸಬಾರದು. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ರಾಜ್ಯ ಸರ್ಕಾರ ತರಬೇತಿ ಭತ್ಯೆ ಕೊಡುತ್ತದೆ. ಅದನ್ನು ಎಲ್ಲರಿಗೂ ವಿಸ್ತರಿಸಬೇಕು, ಮೊತ್ತವನ್ನು ಇಮ್ಮಡಿ ಮಾಡಬೇಕು, ವಿಳಂಬವಿಲ್ಲದೆ ಖಾತೆಗೆ ಹಾಕಬೇಕು ಎಂದು ಸಂಘ ಜಿಲ್ಲಾಧಿಕಾರಿಗಳ ಮೂಲಕ ಮನವಿಗಳನ್ನು ಸಲ್ಲಿಸುತ್ತಲೇ ಇದೆ. ಸಂಘ ಚಾಚುವ ಕೈ ಸದಾ ವಿಧಾನಸೌಧದ ಕಡೆಗೆ. ಪಕ್ಕದ ಕುರ್ಚಿಯಲ್ಲಿ ಕುಳಿತವರ ಕಡೆಗೆ ಅದು ತಿರುಗುವುದು ಹಸ್ತಲಾಘವಕ್ಕೆ ಮಾತ್ರ. ಪಕ್ಕದ ಕುರ್ಚಿಯವರು ಮೈಕು ಹಿಡಿದರೆ ಕಾರ್ನಾಡು ಸದಾಶಿವರಾಯರ ಪ್ರಸ್ತಾಪ ಬರದೆ ಇರುವುದಿಲ್ಲ. ರಾಯರು ಮಂಗಳೂರಿನ ವಕೀಲರು. ಸ್ವಾತಂತ್ರ್ಯ ಹೋರಾಟಕ್ಕೂ ಸಮಾಜಸೇವೆಗೂ ಇದ್ದ ಆಸ್ತಿಯನ್ನೆಲ್ಲ ಸುರಿದು, 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡರು. ಅವರು ಅಷ್ಟನ್ನು ತ್ಯಾಗ ಮಾಡಿದ ಊರಿನಲ್ಲಿ ನೀವು ತಿಂಗಳಿಗೆ 15,000 ರೂಪಾಯಿ ಕೇಳುತ್ತೀರಲ್ಲ ಎಂದು ಹಿರಿಯರು ಕಣ್ಣು ಒದ್ದೆ ಮಾಡಿಕೊಂಡರೆ, ರಾಯರದೇ ಹೆಸರಿನ ಕೆ.ಎಸ್. ರಾವ್ ರಸ್ತೆಯಲ್ಲಿ ಸಾಲ ಹೇಳಿ ಕರಿಕೋಟು ಕೊಂಡಿರುವ ಕಿರಿಯನಿಗೆ ತಲೆ ತಗ್ಗಿಸದೆ ವಿಧಿಯಿಲ್ಲ. ರಾಯರು ತ್ಯಾಗ ಮಾಡಿದ್ದು ತಮ್ಮ ಆಸ್ತಿಯನ್ನೇ ಹೊರತು ತಮ್ಮ ಕಿರಿಯರ ಸಂಬಳವನ್ನಲ್ಲ ಎಂಬ ಚಿಲ್ಲರೆ ವ್ಯತ್ಯಾಸವನ್ನು ಎತ್ತಿ ತೋರಿಸುವುದು ಅಂಥ ಭಾವುಕ ಗಳಿಗೆಯಲ್ಲಿ ಔಚಿತ್ಯವಾಗದು.

ಕರಿಕೋಟಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳನ್ನು ಬಿಟ್ಟರೆ ಬೇಸಿಗೆಯಲ್ಲಿ ಕರಿಕೋಟು ಕಡ್ಡಾಯವಲ್ಲವೆಂದು ಪರಿಷತ್ತಿನ ನಿಯಮದಲ್ಲೇ ಇದೆ. ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆಯಲ್ಲಿ ಅದನ್ನು ಬಳಸಿಕೊಳ್ಳೋಣವೆಂದು ವಿದ್ಯಾರ್ಥಿಗಳು ಸೂಚಿಸಿದಾಗ, ಕೋಟಿಲ್ಲದಿದ್ದರೆ ಕಕ್ಷಿದಾರರು ಕಿರಿಯ ವಕೀಲನನ್ನು ಗುಮಾಸ್ತನೆಂದು ತಿಳಿದು ಅವನ ಕೈಗೆ ಸಂಬಳ ಕೊಟ್ಟುಬಿಟ್ಟಾರು ಎಂದು ಉಪಾಧ್ಯಕ್ಷರೊಬ್ಬರು ಆತಂಕಪಟ್ಟರು.

ಕಿರಿಯರು ಏಕೆ ಬಾಯಿ ಬಿಡುವುದಿಲ್ಲ ಎಂದು ಹೊರಗಿನವರು ಕೇಳುತ್ತಾರೆ. ಬಿಡುತ್ತಿದ್ದರೇನೋ, ಆದರೆ 2025ರ ಮೇ 20ರಂದು ಸುಪ್ರೀಂ ಕೋರ್ಟು ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕುವವರಿಗೆ ಕನಿಷ್ಠ 3 ವರ್ಷದ ವಕೀಲಿ ಅನುಭವ ಇರಬೇಕೆಂಬ ನಿಯಮವನ್ನು ಮರಳಿ ತಂದಿತು. ಆ ಅನುಭವಕ್ಕೆ ಪ್ರಮಾಣಪತ್ರ ಬೇಕು. ಅದನ್ನು 10 ವರ್ಷ ವಕೀಲಿ ನಡೆಸಿದವರೊಬ್ಬರು ಬರೆದುಕೊಟ್ಟರೆ ನ್ಯಾಯಾಲಯದ ಪ್ರಧಾನ ಅಧಿಕಾರಿಗಳು ದೃಢೀಕರಿಸಬಹುದು. ಕೋರ್ಟನ್ನು ಕಣ್ಣಾರೆ ಕಂಡವರೇ ನ್ಯಾಯಾಧೀಶರಾಗಲಿ ಎಂಬುದು ಒಳ್ಳೆಯ ಆಶಯ, ಅದನ್ನು ನಾನು ಗೇಲಿ ಮಾಡುವುದಿಲ್ಲ. ಆದರೆ ಹಬ್ಬದ ಲಕೋಟೆಯ ಕೈಯೇ ಪ್ರಮಾಣಪತ್ರಕ್ಕೆ ಸಹಿ ಹಾಕುವ ಕೈಯೂ ಆದಾಗ, 3 ವರ್ಷಗಳ ಕಾಲ ಕಿರಿಯನ ನಾಲಗೆ ಎಷ್ಟು ಮೃದುವಾಗಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಂದಿನಿಂದ ಸಂಘದ ಸಭೆಗಳಲ್ಲಿ ಎಲ್ಲ ಠರಾವುಗಳೂ ಸರ್ವಾನುಮತದಿಂದ ಪಾಸಾಗುತ್ತಿವೆ. ಒಗ್ಗಟ್ಟೆಂದರೆ ಹೀಗಿರಬೇಕೆಂದು ಅಧ್ಯಕ್ಷರು ಪತ್ರಿಕಾಗೋಷ್ಠಿಯಲ್ಲಿ ಹೆಮ್ಮೆಪಟ್ಟರು.

ಸಂಘಕ್ಕೆ ಅತ್ಯಂತ ಪ್ರಿಯವಾದ ಬೇಡಿಕೆ ಮಂಗಳೂರಿಗೆ ಹೈಕೋರ್ಟ್ ಪೀಠ. ಬೇಡಿಕೆ ನ್ಯಾಯವಾದದ್ದೇ: ಧಾರವಾಡಕ್ಕೂ ಕಲಬುರಗಿಗೂ 2008ರಲ್ಲೇ ಸಂಚಾರಿ ಪೀಠ ಬಂದು ಆಮೇಲೆ ಕಾಯಂ ಆಯಿತು, ಕರಾವಳಿಯ ಕಕ್ಷಿದಾರ ಮಾತ್ರ ಇಂದಿಗೂ ಮಳೆಗಾಲದ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿಯದಿರಲೆಂದು ಪ್ರಾರ್ಥಿಸುತ್ತ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುತ್ತಾನೆ. ಆದರೆ ಸಂಘ ಈ ಬೇಡಿಕೆಯನ್ನು ಅಪ್ಪಿಕೊಂಡಿರುವುದಕ್ಕೆ ಇನ್ನೊಂದು ಗುಣವೂ ಕಾರಣ. ಅದು ಈಡೇರಬೇಕಾದರೆ ವೇದಿಕೆಯಲ್ಲಿರುವ ಯಾರೂ ತಮ್ಮ ಪರ್ಸು ತೆರೆಯಬೇಕಾಗಿಲ್ಲ. ಆದ್ದರಿಂದ ಶೌಚಾಲಯಕ್ಕೆ ಬೀಗ ಯಾಕೆ, ಗ್ರಂಥಾಲಯದಲ್ಲಿ ಹೊಸ ಭಾರತೀಯ ನ್ಯಾಯ ಸಂಹಿತೆಯ ಪುಸ್ತಕಗಳು ಏಕಿಲ್ಲ, ಭತ್ಯೆ ಯಾವಾಗ ಎಂಬ ಯಾವ ಪ್ರಶ್ನೆಗೂ ‘ಮೊದಲು ಪೀಠ ಬರಲಿ’ ಎಂಬ ಒಂದೇ ಉತ್ತರ ಹೊಂದುತ್ತದೆ.

ಈ ಬಾರಿಯ ವಾರ್ಷಿಕ ಮಹಾಸಭೆಯಲ್ಲಿ ಒಂದು ಅಚಾತುರ್ಯ ನಡೆಯಿತು. ಸನ್ನದು ಪಡೆದು ಇನ್ನೂ ವರ್ಷ ತುಂಬದ ಒಬ್ಬಳು ಹುಡುಗಿ, ಅಖಿಲ ಭಾರತ ವಕೀಲರ ಪರೀಕ್ಷೆಗೆ 3,500 ರೂಪಾಯಿ ಶುಲ್ಕ ಕಟ್ಟಬೇಕಾದ ಚಿಂತೆಯಲ್ಲೋ ಏನೋ, ಅಧ್ಯಕ್ಷರ ಅಪ್ಪಣೆಗೂ ಕಾಯದೆ ಎದ್ದು ನಿಂತು, “ಸರ್, ಈ ವೇದಿಕೆಯ ಮೇಲಿರುವವರ ಪೈಕಿ ತಮ್ಮ ಕಚೇರಿಯ ಜೂನಿಯರ್‌ಗಳಿಗೆ ಸುತ್ತೋಲೆಯ ಪ್ರಕಾರ ಹಣ ಕೊಡುವವರು ಯಾರು? ಅವರಿಗೊಂದು ಶಾಲು ಹೊದಿಸೋಣ” ಎಂದು ಕೇಳಿಬಿಟ್ಟಳು. ಸಭೆಯಲ್ಲಿ ಯಾರೋ ಕೆಮ್ಮಿದರು. ತಂದಿಟ್ಟಿದ್ದ ಹನ್ನೆರಡು ಶಾಲುಗಳು ತಟ್ಟೆಯಲ್ಲೇ ಇದ್ದವು. ಅಧ್ಯಕ್ಷರು ಕನ್ನಡಕ ಒರೆಸಿಕೊಂಡು, “ಒಳ್ಳೆಯ ಪ್ರಶ್ನೆ ಅಮ್ಮ, ನಿಮ್ಮಂಥ ಧೈರ್ಯಸ್ಥರೇ ನಮಗೆ ಬೇಕಾದದ್ದು” ಎಂದು ಮೆಚ್ಚಿ, ವಿಷಯವನ್ನು ಮಧ್ಯಸ್ಥಿಕೆಗೆ ಒಪ್ಪಿಸಿ ಮುಂದಿನ ಮಹಾಸಭೆಗೆ ವಾಯಿದೆ ಕೊಟ್ಟರು. ಮಧ್ಯಸ್ಥರಾಗಿ ಮೂವರು ಉಪಾಧ್ಯಕ್ಷರನ್ನೂ, ಸಹ ಕೋಶಾಧಿಕಾರಿಯಾಗಿ ಪ್ರಶ್ನೆ ಕೇಳಿದಾಕೆಯನ್ನೂ ಸರ್ವಾನುಮತದಿಂದ ಆರಿಸಲಾಯಿತು. ಚಂದಾ ಬಾಕಿ ಉಳಿಸಿಕೊಂಡ ಕಿರಿಯರ ಪಟ್ಟಿ ಮಾಡಿ ವಾರದೊಳಗೆ ವಸೂಲಿ ಆರಂಭಿಸುವುದು ಆಕೆಗೆ ಒಪ್ಪಿಸಿದ ಮೊದಲ ಕೆಲಸ. ಪಟ್ಟಿಯ ಮೊದಲ ಹೆಸರು ಆಕೆಯದೇ ಎಂದು ಕೋಶಾಧಿಕಾರಿಗಳು ಅಲ್ಲೇ ತಿಳಿಸಿದರು.