ಸ್ಪಷ್ಟನೆ: ಭಾರತದ ಮೊದಲ ಮಹಿಳಾ ಎಂಜಿನಿಯರ್ ಸುಧಾ ಮೂರ್ತಿ ಅಲ್ಲ

‘ಭಾರತದ ಮೊದಲ ಮಹಿಳಾ ಎಂಜಿನಿಯರ್ ನಮ್ಮ ಸುಧಾ ಮೂರ್ತಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಅಭಿಮಾನ ಸರಿ, ಮಾಹಿತಿ ತಪ್ಪು.

ಸುಧಾ ಮೂರ್ತಿ ಮೊದಲ ಮಹಿಳಾ ಎಂಜಿನಿಯರ್ ಆದದ್ದು ಟೆಲ್ಕೋ (ಇಂದಿನ ಟಾಟಾ ಮೋಟರ್ಸ್) ಕಂಪನಿಯಲ್ಲಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದುತ್ತಿದ್ದಾಗ, ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂಬ ಆ ಕಂಪನಿಯ ಜಾಹೀರಾತು ಅವರ ಕಣ್ಣಿಗೆ ಬಿತ್ತು. ಸುಮ್ನೆ ಬಿಡಲಿಲ್ಲ, ಜೆ.ಆರ್.ಡಿ. ಟಾಟಾ ಅವರಿಗೇ ಪೋಸ್ಟ್‌ಕಾರ್ಡ್ ಬರೆದರು. ಕೆಲಸ ಸಿಕ್ಕಿತು. ಇದು 1970ರ ದಶಕದ ಮಾತು.

ಅದಕ್ಕೂ ಸುಮಾರು 30 ವರ್ಷ ಮೊದಲೇ, ಭಾರತದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ಎ. ಲಲಿತಾ ಮದರಾಸಿನ ಗಿಂಡಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ ಮುಗಿಸಿದ್ದರು. 15ಕ್ಕೆ ಮದುವೆ, 18ಕ್ಕೆ ವೈಧವ್ಯ, ಕೈಯಲ್ಲಿ ಪುಟ್ಟ ಮಗಳು. ಪದವಿ ಪತ್ರದಲ್ಲಿ ‘ಅವನು’ ಎಂದೇ ಅಚ್ಚಾಗಿತ್ತು. ಅದನ್ನು ಹೊಡೆದು ‘ಅವಳು’ ಎಂದು ಬರೆದುಕೊಟ್ಟರು! ಅವರ ಜೊತೆಗೇ ಪಿ.ಕೆ. ತ್ರೇಸ್ಯಾ ಮತ್ತು ಲೀಲಮ್ಮ ಜಾರ್ಜ್ ಕೂಡ ಅಲ್ಲಿ ಸಿವಿಲ್ ಓದಿದರು. ಮುಂದೆ ಲಲಿತಾ ಭಾಕ್ರಾ ನಂಗಲ್ ಅಣೆಕಟ್ಟೆಯ ವಿದ್ಯುತ್ ಕೆಲಸದಲ್ಲೂ ದುಡಿದರು.

ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದವರು ರಾಜೇಶ್ವರಿ ಚಟರ್ಜಿ. ಮಿಷಿಗನ್‌ನಲ್ಲಿ ಪಿಎಚ್‌ಡಿ ಮಾಡಿ 1953ರಲ್ಲಿ ವಾಪಸ್ ಬಂದು ಐಐಎಸ್‌ಸಿ ಸೇರಿದರು. ಅಲ್ಲಿ 1982ರವರೆಗೆ ಮೈಕ್ರೋವೇವ್, ಆಂಟೆನಾ ಪಾಠ ಮಾಡಿದರು. 20 ಜನರಿಗೆ ಪಿಎಚ್‌ಡಿ ಮಾರ್ಗದರ್ಶನ ಕೊಟ್ಟರು. ನಮ್ಮೂರಿನವರೇ ಆದ ಇವರ ಹೆಸರು ನಮ್ಮಲ್ಲೇ ಜಾಸ್ತಿ ಜನಕ್ಕೆ ಗೊತ್ತಿಲ್ಲ. ನನಗೆ ನೋವಾಗುವುದು ಅದೇ.

ಆ ಸಂದೇಶ ನಿಮಗೂ ಬಂದರೆ, ಕಳಿಸಿದವರಿಗೆ ಈ ಹೆಸರುಗಳನ್ನು ದಯವಿಟ್ಟು ತಿಳಿಸಿ.